ಸೊಲ್ಲು ಎಲ್ಲಿ ಮುರಿಯಬೇಕು? ಹರಪನಹಳ್ಳಿ ಸೀಮೆಯ ಹಾಡುಗಳಲ್ಲಿ ಮಾತಿನಾಟ ಮತ್ತು ದನಿ

ಹಾಡಿನ ಸಾಲೊಂದರಲ್ಲಿ ‘ಬಾರೆನೆಲ್ಲಿಗೆ’ ಎಂದಿದೆ ಎಂದುಕೊಳ್ಳೋಣ. ಉದಾಹರಣೆಗೆಂದು ನಾನೇ ಕಟ್ಟಿದ್ದು ಇದು. ‘ಬಾರೆನ್’ ಎಂಬಲ್ಲಿ ದನಿ ತೂಗಿ, ಅರೆಗಳಿಗೆ ತಡೆದು ‘ಎಲ್ಲಿಗೆ’ ಎಂದರೆ ಎಲ್ಲಿಗೂ ಬರಲೊಲ್ಲೆ ಎನ್ನುವ ಹೆಣ್ಣಿನ ಹಟ ಕೇಳಿಸುತ್ತದೆ. ‘ಬಾರೆ’ ಎಂದು ನಿಲ್ಲಿಸಿ ‘ನೆಲ್ಲಿಗೆ’ ಎಂದು ಎತ್ತಿಕೊಂಡರೆ ಗೆಳತಿಯನ್ನು ಭತ್ತಕ್ಕೆ ಕರೆಯುವ ದನಿ. ಅಕ್ಷರ ಐದೇ. ಉಸಿರು ಮುರಿದ ಜಾಗ ಬೇರೆಯಾಯಿತು, ಅಷ್ಟಕ್ಕೇ ಒಲ್ಲೆನೆಂದವಳು ಕರೆಯುವವಳಾದಳು.

ಇಂಥ ಚಮತ್ಕಾರ ಯಾರ ಸ್ವತ್ತು? ಬರೆದವರದೆ, ಹಾಡಿದವರದೆ, ಕೇಳಿ ನಕ್ಕವರದೆ? ಸಂಸ್ಕೃತದ ಆಲಂಕಾರಿಕರು ಸಾವಿರ ವರ್ಷದ ಹಿಂದೆಯೇ ಈ ಪ್ರಶ್ನೆಗೆ ಜಗಳವಾಡಿದ್ದಾರೆ. ಕನ್ನಡದಲ್ಲಿ ಛಂದಸ್ಸಿನ ವಿದ್ವಾಂಸರು, ಸಂಗೀತಗಾರರು, ಜಾನಪದ ಸಂಗ್ರಾಹಕರು ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳನ್ನೆಲ್ಲ ಒಂದು ಸೀಮೆಯ ಹಾಡುಗಳ ಮೇಲಿಟ್ಟು ನೋಡುವುದು ಈ ಲೇಖನದ ಉದ್ದೇಶ. ಹರಪನಹಳ್ಳಿ ಭೀಮವ್ವ ಹಾಡು ಕಟ್ಟಿದ ಸೀಮೆ ಅದು.

ಐದು ತಾಲ್ಲೂಕಿನ ದನಿಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಹಳೆಯ ಬಳ್ಳಾರಿ ಜಿಲ್ಲೆಯ ಪಡುವಣ ಭಾಗ. 1953ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ಈ ನೆಲ ಆಮೇಲೆ ಮೈಸೂರಿಗೆ ಸೇರಿತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ಐದೂ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ.

ಆಡಳಿತದ ಗೆರೆ ಹೀಗೆ ಆಚೀಚೆ ಸರಿದಾಡಿದ್ದಕ್ಕಿಂತ ನಮಗೆ ಮುಖ್ಯವಾದದ್ದು ಇಲ್ಲಿ ದನಿಗಳು ಕೂಡುವ ಬಗೆ. ತುಂಗಭದ್ರೆಯ ಆಚೆ ಗದಗ, ಧಾರವಾಡ. ಅಲ್ಲಿಂದ ಹಿಂದೂಸ್ತಾನಿ ಗಾಯನ ಬಂತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಬಳಿ ಕಲಿತವರು ಜಾತ್ರೆ, ಪುರಾಣ, ಕೀರ್ತನೆಗಳಿಗೆ ಊರೂರು ತಿರುಗಿದರು. ಮೂಡಣಕ್ಕೆ ಬಳ್ಳಾರಿ, ರಾಯದುರ್ಗ. ಅಲ್ಲಿಂದ ಕರ್ನಾಟಕ ಸಂಗೀತದ ಕೃತಿ, ತೆಲುಗಿನ ಬಳಕೆ. ನಡುವೆ ಊರವರದೇ ಆಟ, ಊರವರದೇ ಪದ. ಹಡಗಲಿ, ಹರಪನಹಳ್ಳಿ ಕಡೆಯ ಊರುಗಳಲ್ಲಿ ದೊಡ್ಡಾಟ, ಉಚ್ಚಂಗಿದುರ್ಗದ ಉಚ್ಚಂಗೆಮ್ಮನಿಗೆ ನಡೆದುಕೊಳ್ಳುವ ಜೋಗತಿಯರ ಚೌಡಿಕೆ ಪದ, ಮೈಲಾರದ ಗೊರವರ ಪದ, ಕೊಟ್ಟೂರೇಶ್ವರನಿಗೆ ಪಾದಯಾತ್ರೆ ಹೊರಟವರ ಭಜನೆ, ಕೂಡ್ಲಿಗಿ ಕಡೆಯ ಮ್ಯಾಸಬೇಡರ ದನಗಾಹಿ ವೀರರ ಕಥನ, ಶುಕ್ರವಾರದ ಮನೆಗಳಲ್ಲಿ ಹೆಂಗಸರ ಹಾಡು. ರಂಗಭೂಮಿಯನ್ನು ರಾಜಕಾರಣದಷ್ಟೇ ಹಚ್ಚಿಕೊಂಡಿದ್ದ ಎಂ.ಪಿ. ಪ್ರಕಾಶ್ ಹೂವಿನಹಡಗಲಿಯಲ್ಲಿ ರಂಗಭಾರತಿ ಕಟ್ಟಿದ್ದು ಈ ಸಮೃದ್ಧಿಯ ನಡುವೆಯೇ. ಪುರಂದರದಾಸರು ಓಡಾಡಿದ ಹಂಪಿ ಇದೇ ಜಿಲ್ಲೆಯಲ್ಲಿದೆ. ಹರಿಹರ, ರಾಘವಾಂಕರ ಹಂಪಿಯೂ ಅದೇ.

ಇಷ್ಟು ಬಗೆಯ ಹಾಡು ಒಂದೇ ಕಿವಿಗೆ ಬೀಳುವಲ್ಲಿ ಮಾತು ಹಲವು ರೀತಿಯಲ್ಲಿ ಮುರಿಯುತ್ತದೆ. ಹರಿಹರ, ರಾಣೆಬೆನ್ನೂರು ಕಡೆಯ ಹೆಳವನಕಟ್ಟೆ ಗಿರಿಯಮ್ಮನಿಂದ ಭೀಮವ್ವನವರೆಗೆ ಈ ಆಸುಪಾಸಿನಲ್ಲೇ ಹೆಣ್ಣುಮಕ್ಕಳು ಇಷ್ಟೊಂದು ಪದ ಕಟ್ಟಿದ್ದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ.

ಕಾಕು: ಒಂದು ಹಳೆಯ ಜಗಳ

ಆಲಂಕಾರಿಕರು ಶ್ಲೇಷೆಯನ್ನು ಎರಡಾಗಿ ಒಡೆದರು. ಪದವನ್ನು ಮುರಿಯದೆಯೇ ಎರಡರ್ಥ ಬಂದರೆ ಅಭಂಗ ಶ್ಲೇಷ. ಪದವನ್ನು ಬೇರೆ ಬೇರೆ ಕಡೆ ಮುರಿದಾಗ ಬೇರೆ ಬೇರೆ ಅರ್ಥ ಬಂದರೆ ಸಭಂಗ ಶ್ಲೇಷ. ‘ಹರಿ’ ಎಂದರೆ ವಿಷ್ಣುವೂ ಹೌದು, ಕೋತಿಯೂ ಹೌದು. ಇಲ್ಲಿ ದನಿಗೆ ಕೆಲಸವಿಲ್ಲ. ‘ಬಾರೆನೆಲ್ಲಿಗೆ’ ಎರಡನೆಯ ಜಾತಿಯದು, ಇಲ್ಲಿ ದನಿಯೇ ಕತ್ತರಿ.

ಇನ್ನೂ ಸೂಕ್ಷ್ಮವಾದದ್ದು ಕಾಕುವಿನ ವಿಚಾರ. ದನಿಯ ಏರಿಳಿತದಿಂದಲೇ ಅರ್ಥ ತಿರುಗುವುದು ಕಾಕು. ‘ನೀನು ಬಲು ದೊಡ್ಡವನಪ್ಪ’ ಎಂಬ ಮಾತು ಹೊಗಳಿಕೆಯೋ ಕುಟುಕೋ ಎಂಬುದನ್ನು ಅಕ್ಷರ ಹೇಳಲಾರದು, ಗಂಟಲು ಹೇಳುತ್ತದೆ. ಕಾಶ್ಮೀರದ ರುದ್ರಟ 9ನೇ ಶತಮಾನದಲ್ಲಿ ಶ್ಲೇಷವಕ್ರೋಕ್ತಿಯ ಜೊತೆಗೆ ಕಾಕುವಕ್ರೋಕ್ತಿಯನ್ನೂ ಅಲಂಕಾರವೆಂದು ಎಣಿಸಿದ. ಸ್ವಲ್ಪ ಕಾಲದಲ್ಲೇ ‘ಕಾವ್ಯಮೀಮಾಂಸೆ’ ಬರೆದ ರಾಜಶೇಖರ ತಕರಾರು ತೆಗೆದ. ಕಾಕು ಓದುವವನ ಗುಣ, ಅದು ಪಾಠಧರ್ಮ; ಕಾವ್ಯದ ಅಲಂಕಾರ ಹೇಗಾದೀತು ಎಂಬುದು ಅವನ ಪ್ರಶ್ನೆ. ಬರೆದದ್ದಷ್ಟೇ ಕವಿಯದು, ಉಳಿದದ್ದು ಓದಿದವನದು ಎಂದು ಗಡಿ ಹಾಕಿದ ಮೊದಲಿಗರಲ್ಲಿ ಅವನೊಬ್ಬ. ಇಂದಿನ ಚರ್ಚೆಯೆಲ್ಲ ಈ ಇಬ್ಬರ ನಡುವಿನ ಜಾಗದಲ್ಲೇ ನಡೆಯುತ್ತಿದೆ.

ನನ್ನ ಒಲವು ರುದ್ರಟನ ಕಡೆ. ದಾಸರ ನಿಂದಾಸ್ತುತಿಯನ್ನೇ ನೋಡಿ. ದೇವರನ್ನು ಬೈಯುವಂತೆ ಕಟ್ಟಿ ಹೊಗಳುವ ಆ ಪದಗಳನ್ನು ಸಪ್ಪೆಯಾಗಿ ಓದಿದರೆ ಬೈಗುಳವಷ್ಟೇ ಉಳಿಯುತ್ತದೆ. ಬರೆಯುವಾಗಲೇ ಕವಿಯ ಕಿವಿಯಲ್ಲಿ ಆ ಕುಟುಕಿನ ದನಿ ಇರಲೇಬೇಕು. ಹಾಗಿದ್ದ ಮೇಲೆ ಅದನ್ನು ಕಾವ್ಯದ ಹೊರಗೆ ನಿಲ್ಲಿಸುವುದು ಹೇಗೆ?

ಓಲೆಗರಿಯಿಂದ ಅಚ್ಚಿಗೆ

ಓಲೆಗರಿಯ ಬರಹದಲ್ಲಿ ಪದಪದಗಳ ನಡುವೆ ಜಾಗ ಬಿಡುವ ರೂಢಿ ಇರಲಿಲ್ಲ. ಸಾಲು ಒಂದೇ ಸಮನೆ ಓಡುತ್ತಿತ್ತು. ಎಲ್ಲಿ ಬಿಡಿಸಬೇಕೆಂಬುದು ಓದುವವನ ಹೊಣೆ. ಗಮಕಿಗಳ ವಿದ್ಯೆಯ ಬಹುಪಾಲು ಇದೇ: ಷಟ್ಪದಿಯ ಸಾಲು ಮುಗಿದಲ್ಲಿ ಪದ ಮುಗಿಯದೆ ಮುಂದಿನ ಸಾಲಿಗೆ ಚಾಚಿಕೊಂಡಿರುತ್ತದೆ, ರಾಗ ಕೆಡದಂತೆ ಅರ್ಥಕ್ಕೆ ತಕ್ಕ ಹಾಗೆ ಅದನ್ನು ಮುರಿಯಬೇಕು.

ಅಚ್ಚು ಬಂದಾಗ ಈ ಹೊಣೆ ಸಂಪಾದಕನ ಹೆಗಲೇರಿತು. ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಆಮೇಲೆ ಉಡುಪಿಯ ಪಾವಂಜೆ ಗುರುರಾವ್, ಲಿಂಗಸುಗೂರಿನ ಗೊರೆಬಾಳ ಹನುಮಂತರಾವ್ ಮುಂತಾದವರು ತಮ್ಮ ಆಯುಷ್ಯವನ್ನೇ ಈ ಕೆಲಸಕ್ಕೆ ಕೊಟ್ಟರು. ಅವರಿಲ್ಲದಿದ್ದರೆ ನೂರಾರು ಪದಗಳು ಇಂದು ಇರುತ್ತಿರಲಿಲ್ಲ. ಆದರೆ ಅಚ್ಚಿನ ಸ್ವಭಾವವೇ ಹಾಗೆ: ಜಾಗ ಬಿಟ್ಟಲ್ಲಿ ಒಂದರ್ಥ ಗಟ್ಟಿಯಾಗುತ್ತದೆ, ಮತ್ತೊಂದು ಅಳಿಸಿಹೋಗುತ್ತದೆ. ‘ಬಾರೆ ನೆಲ್ಲಿಗೆ’ ಎಂದು ಬಿಡಿಸಿ ಅಚ್ಚಾದ ಮೇಲೆ ಆ ಹಟದ ಹೆಣ್ಣು ಪುಸ್ತಕದಿಂದ ಮಾಯ.

ಪುರಂದರದಾಸರ ರಾಗಿ ಭಿಕ್ಷೆಯ ಪದ ಇದಕ್ಕೆ ಎಲ್ಲರಿಗೂ ಗೊತ್ತಿರುವ ನಿದರ್ಶನ. ಜೋಳಿಗೆಗೆ ಬೀಳುವ ಧಾನ್ಯ ‘ರಾಗಿ’. ‘ಶಾಂತರಾಗಿ’, ‘ಉದಾರರಾಗಿ’ ಎಂಬಂಥ ಮಾತಿನ ಬಾಲದಲ್ಲಿ ಬರುವುದೂ ‘ರಾಗಿ’. ಆ ಬಾಲವನ್ನು ಕತ್ತರಿಸಿ ಹಾಡಿದರೆ ಕಾಳು, ಕೂಡಿಸಿ ಹಾಡಿದರೆ ಸದ್ಗುಣ. ಹಾಡುಗಾರರಲ್ಲಿ ಕೆಲವರು ಅಲ್ಲಿ ಕತ್ತರಿಸುತ್ತಾರೆ, ಕೆಲವರು ಕೂಡಿಸುತ್ತಾರೆ. ಚೆನ್ನಾಗಿ ಬಲ್ಲವರು ಒಮ್ಮೆ ಕೂಡಿಸಿ, ಮರುಆವೃತ್ತಿಯಲ್ಲಿ ಕತ್ತರಿಸಿ ಎರಡನ್ನೂ ಕೇಳಿಸುತ್ತಾರೆ. ಪುಸ್ತಕಕ್ಕೆ ಈ ಮರುಆವೃತ್ತಿಯ ಸೌಲಭ್ಯವಿಲ್ಲ.

ಭೀಮವ್ವನ ಪದಗಳು

ಹರಪನಹಳ್ಳಿ ಭೀಮವ್ವನ ಕಾಲ 1823ರಿಂದ 1903. ಹುಟ್ಟಿದ್ದು ಹೊಸಪೇಟೆ ಕಡೆಯ ನಾರಾಯಣಕೆರೆ, ಕೊಟ್ಟದ್ದು ಹರಪನಹಳ್ಳಿಗೆ. ನಡುವಯಸ್ಸಿಗೆ ಮೊದಲೇ ವೈಧವ್ಯ. ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ದೇವರನಾಮಗಳನ್ನೂ ‘ನಳಚರಿತ್ರೆ’ಯಂಥ ದೀರ್ಘ ಕಥನಗಳನ್ನೂ ಕಟ್ಟಿದಳು. ಶುಕ್ರವಾರ ಲಕ್ಷ್ಮಿಯನ್ನು ಮನೆಗೆ ಕರೆಯುವ ಆಕೆಯ ಪದ ಇಂದು ಕರ್ನಾಟಕದ ಮೂಲೆಮೂಲೆಯಲ್ಲಿ ಕೇಳಿಬರುತ್ತದೆ. ಹಾಡುವ ಎಷ್ಟೋ ಮಂದಿಗೆ ಕಟ್ಟಿದವಳ ಹೆಸರು ಗೊತ್ತಿಲ್ಲ.

ಅಂಕಿತವನ್ನೇ ಹತ್ತಿರದಿಂದ ನೋಡೋಣ. ಮಾಧ್ವ ಸಂಪ್ರದಾಯದಲ್ಲಿ ಭೀಮನೆಂದರೆ ವಾಯುವಿನ ಅವತಾರ. ಭೀಮನಿಗೆ ಈಶನಾದ ಕೃಷ್ಣ ಎಂಬುದು ಪಂಡಿತರು ಕೊಡುವ ಅರ್ಥ. ಭೀಮವ್ವನ ಹೆಸರೂ ಅದರಲ್ಲಿ ಕೂತಿದೆ. ‘ಭೀಮವ್ವನ ಒಡೆಯನಾದ ಕೃಷ್ಣ’ ಎಂದೂ ಆಯಿತು. ಇನ್ನು ಹಾಡುವಾಗ ‘ಭೀಮೇಶ’ ಎಂದು ತಾಳದ ಮೇಲೆ ನಿಲ್ಲಿಸಿ ‘ಕೃಷ್ಣ’ ಎಂದು ಎತ್ತಿಕೊಂಡರೆ ಮೂರನೆಯದೊಂದು ಸಾಧ್ಯತೆ ಹೊಳೆಯುತ್ತದೆ. ಬಾಗಳಿಯ ಕಲ್ಲೇಶ್ವರ, ಅಂಬಳಿಯ ಕಲ್ಲೇಶ್ವರ, ಕೊಟ್ಟೂರೇಶ್ವರ ಎಂದು ಊರೂರಲ್ಲಿ ‘ಈಶ’ನ ಹೆಸರೇ ಕಿವಿಗೆ ಬೀಳುವ ಸೀಮೆಯಲ್ಲಿ ‘ಭೀಮೇಶ’ ಎಂದೊಡನೆ ಶಿವ ನೆನಪಾಗುವುದು ಸಹಜ. ಹಾಗೆ ಕೇಳಿದವರಿಗೆ ಒಂದೇ ಅಂಕಿತದಲ್ಲಿ ಹರನೂ ಹರಿಯೂ ಸಿಗುತ್ತಾರೆ. ಭೀಮವ್ವ ಇದನ್ನು ಉದ್ದೇಶಿಸಿದಳೆಂದು ನಾನು ಹೇಳಲಾರೆ. ಆದರೆ ಆ ನಿಲುಗಡೆಯನ್ನು ಯಾವ ಪುಸ್ತಕವೂ ತೋರಿಸುವುದಿಲ್ಲ ಎಂಬುದನ್ನು ಖಂಡಿತ ಹೇಳಬಲ್ಲೆ.

ಹೆಂಗಸರ ಹಾಡಿನ ಲೋಕಕ್ಕೆ ಮಾತಿನಾಟ ಹೊಸದಲ್ಲ. ಗಂಡನ ಹೆಸರು ಹೇಳಲು ಒಡಪು, ಮದುವೆಯಲ್ಲಿ ಬೀಗರನ್ನು ಕೆಣಕುವ ಹಾಡು, ಉರುಟಣೆಯ ಹಾಡು. ಇವುಗಳ ಮೋಜೆಲ್ಲ ಹೆಸರನ್ನು ಎಲ್ಲಿ ಅಡಗಿಸಿ ಯಾವ ಅಕ್ಷರದ ಮೇಲೆ ಹೊರಗೆಡಹಬೇಕು ಎಂಬುದರಲ್ಲಿದೆ. ಒಡಪು ಹೇಳುವ ಹೊಸ ಮದುಮಗಳು ಕೊನೆಯ ಪ್ರಾಸಕ್ಕೆ ಮುಂಚೆ ಒಂದು ಕ್ಷಣ ತಡೆಯುತ್ತಾಳೆ. ಸುತ್ತ ಕೂತವರೆಲ್ಲ ಹೆಸರಿಗೆ ಕಿವಿಗೊಡುತ್ತಾರೆ. ಆ ತಡೆಯೇ ಒಡಪಿನ ಜೀವ. ದೇವರ ಹಾಡುಗಳಲ್ಲಿ ಇದರ ದೊಡ್ಡಣ್ಣನಂಥ ಪ್ರಸಂಗವೊಂದಿದೆ: ಹೊರಗೆ ನಿಂತ ಕೃಷ್ಣ ಬಾಗಿಲು ಬಡಿದು ‘ಮಾಧವ’ ಎಂದರೆ ಒಳಗಿನವಳು ವಸಂತಕ್ಕೆ ಇಲ್ಲೇನು ಕೆಲಸ ಎನ್ನುತ್ತಾಳೆ, ‘ಹರಿ’ ಎಂದರೆ ಕೋತಿ ಕಾಡಿಗೆ ಹೋಗಲಿ ಎನ್ನುತ್ತಾಳೆ. ಸಂಸ್ಕೃತದ ಚಾಟುಪದ್ಯಗಳಿಂದ ಬಂದ ಈ ಶ್ಲೇಷವಕ್ರೋಕ್ತಿ ಕನ್ನಡದ ಹಾಡಿನಲ್ಲಿ ಗಂಡಹೆಂಡಿರ ಸಲಿಗೆಯಾಗುತ್ತದೆ. ಇಬ್ಬರು ಹೆಂಗಸರು ಪ್ರಶ್ನೆ, ಉತ್ತರ ಹಂಚಿಕೊಂಡು ಹಾಡಿದಾಗಷ್ಟೇ ಅದರ ಕಳೆ ಏರುತ್ತದೆ. ಒಬ್ಬರೇ ಹಾಡಿದರೆ ಅರ್ಧ ನಗು ಸೋರಿಹೋಗುತ್ತದೆ.

ಭೀಮವ್ವನ ಪದಗಳು ಬಾಯಿಂದ ಬಾಯಿಗೆ, ಹಾಡಿನ ವಹಿಯಿಂದ ವಹಿಗೆ ಹರಿದು ಬಂದವು. ವಹಿಯಲ್ಲಿ ಬರೆದವರು ಆಡಿದಂತೆಯೇ ಬರೆದರು. ಅಚ್ಚಿಗೆ ಕೊಡುವಾಗ ಆ ಆಡುರೂಪಗಳನ್ನು ‘ತಿದ್ದಿದ’ ಕಡೆ ಪ್ರಾಸ, ಮಾತ್ರೆ ಎರಡೂ ಕುಂಟಿದ್ದುಂಟು. ಇದು ಆಕೆಯೊಬ್ಬಳ ಪಾಡಲ್ಲ. ದಾಸ ಸಾಹಿತ್ಯದ ಚರ್ಚೆಯಲ್ಲಿ ಹೆಣ್ಣುಮಕ್ಕಳ ಪದಗಳನ್ನು ಭಕ್ತಿಯ ಸರಳತೆಗಾಗಿ ಹೊಗಳಿ, ಅವುಗಳ ಕುಶಲತೆಯನ್ನು ಬದಿಗೆ ಸರಿಸಿದ್ದು ದೊಡ್ಡ ಅನ್ಯಾಯ. ಈ ಪದಗಳು ಸರಳವಾಗಿ ಕೇಳಿಸುವುದೇ ಕುಶಲತೆಯ ಫಲ.

ಛಂದಸ್ಸಿನವರು ಹೇಳುವುದು

ಮೊದಲ ಪಂಥ ಛಂದಸ್ಸಿನದು. ಅವರ ಮಾತಿನ ತಿರುಳು: ಮಾತಿನಾಟದ ಬೀಜ ಪದ್ಯದ ಕಟ್ಟಿನಲ್ಲೇ ಇದೆ, ದನಿ ಅದನ್ನು ಅನುಸರಿಸುತ್ತದೆ.

ಇದಕ್ಕೆ ಗಟ್ಟಿ ಆಧಾರಗಳಿವೆ. ಕನ್ನಡ ಕವಿಗಳು ಸಂಸ್ಕೃತದ ಯತಿನಿಯಮವನ್ನು, ಅಂದರೆ ಸಾಲಿನ ನಡುವೆ ಇಂತಲ್ಲೇ ಪದ ಮುಗಿಯಬೇಕೆಂಬ ಕಟ್ಟಳೆಯನ್ನು, ಬಿಟ್ಟುಕೊಟ್ಟರು. ಅದರ ಬದಲು ಪ್ರತಿ ಸಾಲಿನ ಎರಡನೆಯ ಅಕ್ಷರದ ಪ್ರಾಸವನ್ನು ಬಿಗಿಯಾಗಿ ಹಿಡಿದರು. 9ನೇ ಶತಮಾನದ ‘ಕವಿರಾಜಮಾರ್ಗ’ ಪ್ರಾಸದ ಬಗೆಗಳನ್ನು ಹಿಗ್ಗಿನಿಂದ ವಿವರಿಸುತ್ತದೆ. ಫಲವೇನೆಂದರೆ ಕನ್ನಡದ ಕಿವಿ ಸಾಲಿನ ಮೊದಲಲ್ಲೇ ಎಚ್ಚರಗೊಳ್ಳುತ್ತದೆ. ಪದ ಎಲ್ಲಿ ಮುಗಿಯಿತೆಂಬುದು ಸಡಿಲವಾಗಿ ಉಳಿಯುತ್ತದೆ. ಸಭಂಗ ಶ್ಲೇಷಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇಡ. ಸಂಧಿಯಲ್ಲಿ ಸ್ವರಗಳು ಕರಗುವುದು, ಪ್ರತ್ಯಯಗಳು ಸಾಲಾಗಿ ಅಂಟಿಕೊಳ್ಳುವುದು, ಇಂಗ್ಲಿಷಿನಂತೆ ಒತ್ತಿನಿಂದ ಪದದ ಗಡಿ ತಿಳಿಯದಿರುವುದು, ಎಲ್ಲವೂ ಸೇರಿ ಕನ್ನಡವನ್ನು ಮುರಿದು ಆಡಲು ಅನುಕೂಲದ ಭಾಷೆಯನ್ನಾಗಿ ಮಾಡಿವೆ.

ಇನ್ನೊಂದು ಆಧಾರ ಅಂಶಗಣ. ಸುಮಾರು 990ರ ನಾಗವರ್ಮನ ‘ಛಂದೋಂಬುಧಿ’ ತ್ರಿಪದಿ, ಅಕ್ಕರ, ಏಳೆ ಮುಂತಾದ ದೇಸಿ ಮಟ್ಟುಗಳನ್ನು ಬ್ರಹ್ಮ, ವಿಷ್ಣು, ರುದ್ರ ಗಣಗಳಲ್ಲಿ ಅಳೆಯುತ್ತದೆ. ಇಲ್ಲಿ ಗಣದ ಉದ್ದ ಹಿಗ್ಗಬಲ್ಲದು, ಕುಗ್ಗಬಲ್ಲದು. ಹಾಡುವಾಗಲೇ ಅದು ಇತ್ಯರ್ಥವಾಗುತ್ತದೆ. ಸುಮಾರು 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಲ್ಲಿನ ಮೇಲಿರುವ ತ್ರಿಪದಿಯೂ ಈ ಕುಲದ್ದೇ. ಡಿ.ಎಸ್. ಕರ್ಕಿ, ತೀ.ನಂ. ಶ್ರೀಕಂಠಯ್ಯ, ಸೇಡಿಯಾಪು ಕೃಷ್ಣಭಟ್ಟ, ಟಿ.ವಿ. ವೆಂಕಟಾಚಲಶಾಸ್ತ್ರಿ ಇವರೆಲ್ಲ ಲಯ, ಗತಿ, ಗಣಗಳ ಬಗ್ಗೆ ಆಳವಾಗಿ ಬರೆದರು. ತ್ರಿಪದಿಯನ್ನು ಹಾಡುವಾಗ ಎರಡನೆಯ ಸಾಲಿನ ಭಾಗ ಮರುಕಳಿಸಿ ನಾಲ್ಕು ಸಾಲಿನ ಆಕಾರ ಬರುವುದನ್ನೂ ವಿದ್ವಾಂಸರು ಗುರುತಿಸಿದ್ದಾರೆ.

ಆದರೆ ಇಲ್ಲೇ ಈ ಪಂಥದ ಮಿತಿಯೂ ಇದೆ. ಗಣದ ಅಳತೆ ಹಾಡುವಾಗ ಇತ್ಯರ್ಥವಾಗುವುದಾದರೆ ಕಟ್ಟು ಪದ್ಯದಲ್ಲಿದೆ ಎನ್ನುವ ಮಾತು ಎಷ್ಟು ದೂರ ನಿಂತೀತು? ಮರುಕಳಿಸುವ ಆ ಅರ್ಧ ಸಾಲೇ ಎಷ್ಟೋ ಸಲ ಹೊಸ ಅರ್ಥ ಹುಟ್ಟುವ ಜಾಗ.

ಸಂಗೀತಗಾರರ ವಾದ

ಸಂಗೀತಗಾರರ ಲೆಕ್ಕವೇ ಬೇರೆ. ತಾಳದ ಆವೃತ್ತಿಯಲ್ಲಿ ವಿಶ್ರಾಂತಿಯ ಜಾಗಗಳಿವೆ. ಪದ ಅಲ್ಲಿ ಮುಗಿದರೆ ಸರಿ, ಮುಗಿಯದಿದ್ದರೆ ಪದವೇ ಮಣಿಯಬೇಕು. ಕರ್ನಾಟಕ ಸಂಗೀತದಲ್ಲಿ ಪಲ್ಲವಿಯ ‘ಅರುದಿ’ ಮಾತನ್ನೂ ಎರಡಾಗಿ ಹೋಳು ಮಾಡುತ್ತದೆ. ಹಿಂದೂಸ್ತಾನಿಯ ಬೋಲ್‌ಬಾಂಟ್‌ನಲ್ಲಿ ಮಾತಿನ ಅಕ್ಷರಗಳನ್ನು ಲಯಕ್ಕೆ ಹಂಚಿ ಆಡುತ್ತಾರೆ. ಪದಚ್ಛೇದ ಕೆಟ್ಟಿತೆಂದು ಸಾಹಿತಿಗಳು ಕಟುವಾಗಿ ದೂರುವುದು, ರಾಗಭಾವಕ್ಕೆ ಸಾಹಿತ್ಯ ಅಡ್ಡಬರಬಾರದೆಂದು ಸಂಗೀತಗಾರರು ಹೇಳುವುದು ಇಂದಿಗೂ ನಡೆದಿದೆ. ಭೀಮಸೇನ ಜೋಶಿಯವರ ದಾಸವಾಣಿ, ಮಲ್ಲಿಕಾರ್ಜುನ ಮನಸೂರರ ವಚನಗಾಯನ ಈ ಜಗಳದ ನಡುವೆ ಒಂದು ದಾರಿ ತೋರಿಸಿದವು: ಸಾಲನ್ನು ಮೊದಲು ನೇರವಾಗಿ ಹೇಳಿ, ಅರ್ಥ ಕಿವಿಗೆ ತಲುಪಿದ ಮೇಲೆ ಒಂದೊಂದು ಮಾತನ್ನು ಹಿಡಿದು ಬೆಳೆಸುವುದು.

ಇಲ್ಲೊಂದು ಅಪಾಯವನ್ನು ಕನ್ನಡದ ಹಾಡುಗಾರರೆಲ್ಲ ಎದುರಿಸುತ್ತಾರೆ. ನಮ್ಮಲ್ಲಿ ಹ್ರಸ್ವ, ದೀರ್ಘ ಬದಲಾದರೆ ಅರ್ಥವೇ ಬದಲು: ಮರ ಮಾರನಾಗುತ್ತಾನೆ, ಬರೆ ಬಾರೆಯಾಗುತ್ತಾಳೆ. ರಾಗಕ್ಕಾಗಿ ಎಳೆಯುವ ಗಂಟಲು ಹ್ರಸ್ವವನ್ನು ಕಾಪಾಡುವುದು ಹೇಗೆ? ಶಾಸ್ತ್ರೀಯ ಹಾಡುಗಾರ ಸನ್ನಿವೇಶದ ಮೇಲೆ ಭಾರ ಹಾಕುತ್ತಾನೆ. ಜೋಗತಿಯರು, ಭಜನೆಯವರು, ಬೀಸುವ ಪದ ಹಾಡುವವರು ಬೇರೆ ಉಪಾಯ ಕಂಡುಕೊಂಡಿದ್ದಾರೆ. ಮಾತನ್ನು ಆಡುವಷ್ಟೇ ಉದ್ದಕ್ಕೆ ಹೇಳಿ ಮುಗಿಸಿ, ಎಳೆತವನ್ನೆಲ್ಲ ‘ಓ’, ‘ಯವ್ವಾ’, ‘ರೀ’, ‘ತಂಗಿ’ ಎಂಬ ತುಂಬುಮಾತುಗಳ ಮೇಲೆ ಹಾಕುತ್ತಾರೆ. ಸಾಮಗಾನದ ಸ್ತೋಭಾಕ್ಷರಗಳದೂ ಇಂಥದೇ ಕೆಲಸ. ಚೌಡಿಕೆ ಪದದಲ್ಲಿ ಈ ತುಂಬುಮಾತು ಮಾತಿಗೂ ತಂತಿಯ ಮೊರೆತಕ್ಕೂ ನಡುವೆ ನಿಲ್ಲುತ್ತದೆ. ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದ ಮೇಲೆ ಈ ಕಲೆಯತ್ತ ನಾಡು ತಿರುಗಿ ನೋಡಿತು. ನೋಡಿದ್ದು ಹೆಚ್ಚಾಗಿ ಕುಣಿತವನ್ನು, ಹಾಡಿನ ಒಳಗಣ ಜಾಣತನವನ್ನಲ್ಲ.

ಜಾನಪದ ಪಂಥ ಮತ್ತು ದೊಡ್ಡಾಟದ ಸಾರಥಿ

ಮಿಲ್‌ಮನ್ ಪ್ಯಾರಿ, ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯದ ಹಾಡುಗಾರರನ್ನು ಅಭ್ಯಾಸ ಮಾಡಿ, ಮೌಖಿಕ ಕವಿ ಕಂಠಪಾಠ ಒಪ್ಪಿಸುವುದಿಲ್ಲ, ಸಿದ್ಧ ನುಡಿಗಟ್ಟುಗಳಿಂದ ಆ ಹೊತ್ತಿಗೇ ಕಟ್ಟುತ್ತಾನೆ ಎಂದು ತೋರಿಸಿದರು. ಲಾರ್ಡ್ ಅವರ ಪುಸ್ತಕ ಬಂದದ್ದು 1960ರಲ್ಲಿ. ಈ ದೃಷ್ಟಿಯಲ್ಲಿ ಬರೆದವರು, ಹಾಡಿದವರು ಎಂಬ ಭೇದವೇ ಕರಗುತ್ತದೆ. 2014ರಲ್ಲಿ ತೀರಿಕೊಂಡ ಬುರ್ರಕಥೆಯ ದರೋಜಿ ಈರಮ್ಮ ನಮ್ಮ ಹತ್ತಿರದ ನಿದರ್ಶನ. ಅಕ್ಷರ ಕಲಿಯದ ಆಕೆ ರಾತ್ರಿಯಿಡೀ ನಡೆಯುವ ಹಲವು ಕಾವ್ಯಗಳನ್ನು ನಾಲಗೆಯಲ್ಲಿಟ್ಟುಕೊಂಡಿದ್ದರು. ಮನೆಮಾತು ತೆಲುಗು, ಹಾಡು ಕನ್ನಡ. ಎರಡು ಭಾಷೆ ಬಲ್ಲ ಬಾಯಿಗೆ ಪದದ ಗಡಿ ಇನ್ನಷ್ಟು ಸಡಿಲ.

ಮಾತಿನಾಟಕ್ಕೇ ಮೀಸಲಾದ ಪಾತ್ರವೊಂದು ದೊಡ್ಡಾಟದಲ್ಲಿದೆ: ಸಾರಥಿ. ಕಿರೀಟ, ಭುಜಕೀರ್ತಿ ತೊಟ್ಟು ಆರ್ಭಟಿಸುತ್ತ ಬಂದ ರಾಜನನ್ನು ‘ತಾವು ಯಾರು’ ಎಂದು ಕೇಳುವವನು ಅವನೇ. ರಾಜ ಪ್ರಾಸದ ಮೇಲೆ ಪ್ರಾಸ ಪೇರಿಸಿ ತನ್ನ ಬಿರುದಾವಳಿ ಹೇಳುತ್ತಾನೆ. ಸಾರಥಿ ಆ ಉದ್ದನೆಯ ಸಮಾಸವನ್ನು ತಪ್ಪು ಜಾಗದಲ್ಲಿ ಮುರಿದು ಊರಿನ ಮಾತಿಗೆ ಇಳಿಸುತ್ತಾನೆ. ಜನ ನಗುತ್ತಾರೆ. ಪಂಡಿತರು ದೋಷವೆಂದು ತೆಗೆದುಹಾಕುವ ಅಪಚ್ಛೇದ ಇಲ್ಲಿ ಕಲೆ. ಪ್ರಸಂಗದ ಪುಸ್ತಕದಲ್ಲಿ ಸಾರಥಿಯ ಮಾತು ಅಷ್ಟಾಗಿ ಇರುವುದಿಲ್ಲ. ಮಾಸ್ತರು ಕಲಿಸಿದ್ದಕ್ಕೆ ಪಾತ್ರಧಾರಿ ತನ್ನೂರಿನ ಸುದ್ದಿ ಸೇರಿಸುತ್ತಾನೆ. ಹ-ಕಾರ ಬಿಡುವ ಆಡುಮಾತಿನಲ್ಲಿ ‘ಹಾಳು’, ‘ಆಳು’ ಒಂದೇ ಆಗುತ್ತವೆ. ದೇಶ ಆಳುವ ರಾಜನನ್ನು ಕೆಣಕಲು ಇಷ್ಟು ಸಾಕು. ಜಿ.ಪಿ. ರಾಜರತ್ನಂ ‘ರತ್ನನ ಪದಗಳು’ ಬರೆದಾಗ ಇದೇ ಉಚ್ಚಾರವನ್ನು ಕಾವ್ಯವಾಗಿಸಿದರು.

ಈ ಪಂಥ ವಿವರಿಸಲಾರದ್ದು ಒಂದಿದೆ. ಭೀಮವ್ವನಂಥವಳು ಪದವನ್ನು ತಾನೇ ಕಟ್ಟಿ, ಅಂಕಿತ ಹಾಕಿ, ಇದು ನನ್ನದು ಎಂದು ಗುರುತು ಬಿಟ್ಟಳು. ಆಮೇಲೆ ಅದು ಬಾಯಿಮಾತಿನಲ್ಲಿ ಬದಲಾಯಿತು. ಇದನ್ನು ಬರಹ ಎನ್ನಬೇಕೋ ಮೌಖಿಕ ಎನ್ನಬೇಕೋ? ಎರಡೂ ಹೆಸರು ಅರೆಬರೆ.

ಕೇಳುವವರ ಪಾಲು

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಡೆಂಕನಮರಡಿಯಲ್ಲಿ ಕಾರಣಿಕ ನಡೆಯುತ್ತದೆ. ಕಪ್ಪು ಕಂಬಳಿಯ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ. ‘ಪರಾಕ್’ ಎಂದು ಮುಗಿಯುವ ಒಂದೇ ಸಾಲು ನುಡಿದು ಅವನು ಹಿಂದಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರುವಾಗುವುದು ಕೇಳಿದವರ ಕೆಲಸ: ಆ ನಾಲ್ಕು ಮಾತು ಮಳೆಗೋ ಬೆಳೆಗೋ ರಾಜಕಾರಣಕ್ಕೋ? ಯಾವ ಪದಕ್ಕೆ ಯಾವುದು ಕೂಡಿತು? ರೈತ ಒಂದು ರೀತಿ ಬಿಡಿಸುತ್ತಾನೆ, ವ್ಯಾಪಾರಿ ಇನ್ನೊಂದು ರೀತಿ, ಪತ್ರಿಕೆಯವರು ಮತ್ತೊಂದು ರೀತಿ.

ಕಾರಣಿಕವನ್ನು ಹಾಡೆನ್ನಲಾಗದು. ಆದರೂ ಈ ಚರ್ಚೆಗೆ ಅದು ಬೇಕು. ನುಡಿದವನು ಅರ್ಥ ಹೇಳುವುದಿಲ್ಲ, ಬರೆದಿಟ್ಟ ಪಠ್ಯ ಮೊದಲೇ ಇರುವುದಿಲ್ಲ. ಅರ್ಥದ ಹೊಣೆಯೆಲ್ಲ ಕೇಳಿದವರದು. ಮುಂಡಿಗೆಗಳ, ತತ್ತ್ವಪದಗಳ ಜೀವವೂ ಅರ್ಧಕ್ಕರ್ಧ ಹೀಗೆಯೇ. ಭಜನೆಯ ಮನೆಯಲ್ಲಿ ಪದ ಮುಗಿದ ಮೇಲೆ ಹಿರಿಯರೊಬ್ಬರು ‘ಇದರ ಗುಟ್ಟು ಬಿಡಿಸಿರಿ ನೋಡೋಣ’ ಎನ್ನುವುದು ಹಾಡಿನದೇ ಭಾಗ.

ಭಾವಗೀತೆ, ಸಿನಿಮಾ

ಈಚಿನ ಅಧ್ಯಾಯವನ್ನು ಚಿಕ್ಕದಾಗಿ ಹೇಳಬಹುದು. ಬೇಂದ್ರೆಯವರ ಕವಿತೆಗಳಲ್ಲಿ ಶ್ಲೇಷೆಯೂ ನಾದವೂ ಬಿಡಿಸಲಾರದಂತೆ ಹೆಣೆದಿವೆ. ಅವರು ತಾವೇ ಓದುತ್ತಿದ್ದ ರೀತಿಗೂ ಸುಗಮ ಸಂಗೀತದವರು ಹಾಡಿದ ರೀತಿಗೂ ಇರುವ ಅಂತರವೇ ಒಂದು ಅಧ್ಯಯನಕ್ಕೆ ಸಾಲುತ್ತದೆ. ಸಿ. ಅಶ್ವತ್ಥ್ ಶಿಶುನಾಳ ಶರೀಫರ ಪದಗಳನ್ನು ಮಾತಿನ ಕಸುವು ಕೆಡದಂತೆ ಎತ್ತಿ ಹಾಡಿ ನಗರದ ಕಿವಿಗೂ ತಲುಪಿಸಿದರು; ಭಜನೆಯ ಮಂದಗತಿಯ ಒಗಟು ಅಲ್ಲಿ ಕೊಂಚ ಅವಸರಪಟ್ಟಿತು ಎಂಬುದೂ ನಿಜ. ಸಿನಿಮಾದಲ್ಲಿ ಬಹುಪಾಲು ಮೊದಲು ರಾಗ, ಆಮೇಲೆ ಸಾಹಿತ್ಯ; ನಿಲುಗಡೆಯನ್ನು ಟ್ಯೂನ್ ನಿರ್ಧರಿಸಿರುತ್ತದೆ, ಕವಿ ಅದಕ್ಕೆ ಪದ ಹುಡುಕುತ್ತಾನೆ. 1987ರ ‘ಪ್ರೇಮಲೋಕ’ದಲ್ಲಿ ಸಾಹಿತ್ಯ, ಸಂಗೀತ ಎರಡನ್ನೂ ಹಂಸಲೇಖರೇ ಮಾಡಿದಾಗ ಆಡುಮಾತಿನ ಮುರಿತಗಳು ತಾಳದೊಳಗೆ ಸಲೀಸಾಗಿ ಕೂತವು. ಕಟ್ಟುವವರೂ ಹಾಡಿಸುವವರೂ ಒಬ್ಬರೇ ಆದಾಗ ಏನಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಭೀಮವ್ವನೂ ಅದೇ ಸ್ಥಿತಿಯಲ್ಲಿದ್ದವಳು.

ಇನ್ನೂ ತೀರದ ಪ್ರಶ್ನೆಗಳು

ಉದ್ದೇಶದ ಪ್ರಶ್ನೆ ತೀರಿಲ್ಲ. ಕಟ್ಟಿದವರು ಬಯಸದ ಶ್ಲೇಷೆ ಹಾಡುವಾಗ ಹುಟ್ಟಿದರೆ ಅದನ್ನು ಪದದ ಗುಣವೆಂದು ಎಣಿಸಬೇಕೇ? ರಾಜಶೇಖರ ಬೇಡವೆನ್ನುತ್ತಾನೆ, ಜಾನಪದದವರು ಬೇಕೆನ್ನುತ್ತಾರೆ. ಒಂದೇ ಪದ ಮನೆಮನೆಯಲ್ಲಿ, ತಲೆಮಾರಿನಿಂದ ತಲೆಮಾರಿಗೆ ಒಂದೇ ಜಾಗದಲ್ಲಿ ಮುರಿದು ಬಂದಿದ್ದರೆ ಅದನ್ನು ಕಟ್ಟಿದವರ ಗುರುತೆಂದು ಹಿಡಿಯಬಹುದು ಎಂಬುದು ನನ್ನ ಅಭಿಪ್ರಾಯ. ಅದನ್ನು ಸಾಧಿಸಲು ಬೇಕಾದಷ್ಟು ದಾಖಲೆ ಇನ್ನೂ ಕೂಡಿಲ್ಲ.

ಸಂಪಾದನೆಯ ಪ್ರಶ್ನೆಯೂ ಹಾಗೇ ಇದೆ. ಆಡುರೂಪ ಉಳಿಸಬೇಕೋ ಶಿಷ್ಟರೂಪ ಕೊಡಬೇಕೋ, ನಿಲುಗಡೆಯನ್ನು ಗೆರೆ ಎಳೆದು ತೋರಿಸಬೇಕೋ ಬಿಡಬೇಕೋ? ಸ್ವರಲಿಪಿ ರಾಗವನ್ನು ಹಿಡಿಯುತ್ತದೆ, ಕಾಕುವನ್ನು ಹಿಡಿಯುವ ಲಿಪಿ ನಮ್ಮಲ್ಲಿಲ್ಲ. ಇದರ ಬೆನ್ನಿಗೇ ಇನ್ನೊಂದು ಸಂಗತಿ. ಕ್ಯಾಸೆಟ್ಟು, ಮೊಬೈಲುಗಳಿಂದ ಭೀಮವ್ವನ ಪದ ಎಲ್ಲರಿಗೂ ಸಿಕ್ಕಿತು. ಜೊತೆಗೆ ಒಬ್ಬ ಗಾಯಕಿಯ ನಿಲುಗಡೆಯೇ ಎಲ್ಲರ ನಿಲುಗಡೆಯಾಗುತ್ತಿದೆ. ಹರಪನಹಳ್ಳಿಯ ಮಗಳು ಅಜ್ಜಿಯ ಮಟ್ಟು ಬಿಟ್ಟು ಧ್ವನಿಸುರುಳಿಯ ಮಟ್ಟು ಕಲಿಯುತ್ತಿದ್ದಾಳೆ. ಇದು ಲಾಭವೋ ನಷ್ಟವೋ ಎಂಬುದರಲ್ಲೂ ಒಮ್ಮತವಿಲ್ಲ.

1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ ಮೇಲೆ ಈ ಭಾಗದ ಮೌಖಿಕ ಕಾವ್ಯಗಳ ಸಂಗ್ರಹ ಭರದಿಂದ ನಡೆದಿದೆ. ಆದರೆ ಮನೆಯೊಳಗಿನ ಹೆಂಗಸರ ಹಾಡಿಗೆ ಸಂಶೋಧಕರು ಬರುವವರೆಗೆ ಕಾಯಬೇಕಿಲ್ಲ. ಈ ಐದು ತಾಲ್ಲೂಕಿನ ಓದುಗರಲ್ಲಿ ನನ್ನದೊಂದು ಕೋರಿಕೆ: ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಭೀಮವ್ವನ ಪದ, ಬೀಗರ ಹಾಡು, ಒಡಪು ಬಲ್ಲ ಹಿರಿಯರಿದ್ದರೆ ಮೊಬೈಲಿನಲ್ಲಿ ಹಿಡಿದಿಡಿ. ಹಾಡುವಾಗ ತಿದ್ದಬೇಡಿ. ಊರು, ಯಾರಿಂದ ಕಲಿತದ್ದು, ಯಾವ ಸಂದರ್ಭದ ಹಾಡು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ. ಹಾಡಿನ ಹಳೆಯ ವಹಿ ಸಿಕ್ಕರೆ ಒಂದೊಂದು ಪುಟದ ಚಿತ್ರ ತೆಗೆದು ಇಟ್ಟುಕೊಳ್ಳಿ, ರದ್ದಿಗೆ ಹಾಕಬೇಡಿ.